ಜಪಾನ್ ಸರಣಿ ಇಲ್ಲಿನ ಟೀವಿಯಲ್ಲಿ ಯಾಕೆ ಬರುವುದಿಲ್ಲ: ಸುಹಾಸನಿಗೆ ಉತ್ತರ

ಸುಹಾಸ,

ಡ್ರೈವಿಂಗ್ ಲೈಸೆನ್ಸು, ಬಾಡಿಗೆ ಮನೆಯ ಕರಾರು, ಪುಟ್ಟಿಯ ಶಾಲೆ ಇವಕ್ಕೆಲ್ಲ ನಿನ್ನ ಭಾವ ಆಗಲೇ ಫೋನಿನಲ್ಲಿ ಉತ್ತರ ಹೇಳಿದ್ದಾರೆ. ನಾನು ಬರೆಯುತ್ತಿರುವುದು ನಿನ್ನ ಮೇಲ್‌ನ ಕೊನೆಯಲ್ಲಿದ್ದ ಪ್ರಶ್ನೆಗೆ. "ಅಕ್ಕಾ, ಬಿಡದಿಯಿಂದ ನಗೋಯಾಕ್ಕೆ ಹೋದಾಗ ನನಗೆ ಒಂದಕ್ಷರ ಜಪಾನಿ ಬರುತ್ತಿರಲಿಲ್ಲ. ಬೇಸ್‌ಬಾಲ್‌ನಿಂದಲೇ ಅಲ್ಲಿಯವರ ಜೊತೆ ಬೆರೆತೆ. ಇಲ್ಲಿ ಅಮೆರಿಕದಲ್ಲಿ, ಆಟ ಹುಟ್ಟಿದ ದೇಶದಲ್ಲಿ, ನೂರಾರು ಚಾನೆಲ್ ತಿರುಗಿಸಿದರೂ ಜಪಾನಿ ಬೇಸ್‌ಬಾಲಿನ ಫೈನಲ್ ಆದ ಜಪಾನ್ ಸರಣಿಯ ಒಂದೇ ಒಂದು ಪಂದ್ಯ ಸಿಗಲಿಲ್ಲ. ಗೆದ್ದವರು ಯಾರು ಅಂತ ಸುದ್ದಿಯಲ್ಲೂ ಹೇಳಲಿಲ್ಲ. ಇವರಿಗೆ ಹೊರಗಿನ ಜಗತ್ತೇ ಬೇಡವಾ? ಇಂಥ ಕಡೆ ನಾನು ಹೊಂದಿಕೊಳ್ಳೋದು ಹೇಗೆ?" ಎಂದು ಬರೆದಿದ್ದೀಯ.

ಈ ಮಾತನ್ನು ಬೇರೆ ಬೇರೆ ರೂಪದಲ್ಲಿ ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಕ್ರಿಕೆಟ್ ಇಲ್ಲ ಅಂದವರಿದ್ದಾರೆ, ಹಾಕಿ ಇಲ್ಲ ಅಂದವರಿದ್ದಾರೆ, ಊರಿನ ಚುನಾವಣೆಯ ಸುದ್ದಿ ಇಲ್ಲ ಅಂದವರಿದ್ದಾರೆ. ನಿನ್ನ ಪ್ರಶ್ನೆಯ ವಿಶೇಷವೆಂದರೆ ಆಟ ಇವರದ್ದೇ. ಗೊತ್ತಿಲ್ಲದ ಆಟ, ಅದಕ್ಕೇ ತೋರಿಸುವುದಿಲ್ಲ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ನನ್ನ ಮಗ ಇಲ್ಲಿನ ಮಕ್ಕಳ ಲೀಗಿನಲ್ಲಿ ಆಡಲು ಶುರುಮಾಡಿದಾಗ ಸ್ಕೋರ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು, ಅಲ್ಲಿಂದ ನನಗೂ ಈ ಹುಚ್ಚು ಹಿಡಿಯಿತು. ಹಾಗಾಗಿ ನಿನ್ನ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ನೀನು ಬಂದಿಳಿದ ಕಾಲ ನೋಡು. 2025ರ ಅಕ್ಟೋಬರ್ 25ಕ್ಕೆ ಫುಕುವೋಕಾದಲ್ಲಿ ಜಪಾನ್ ಸರಣಿ ಶುರುವಾಯಿತು. ಅದಕ್ಕೆ ಒಂದು ದಿನ ಮೊದಲು ಟೊರಾಂಟೋದಲ್ಲಿ ಇಲ್ಲಿನವರ ಫೈನಲ್ ಆದ ವರ್ಲ್ಡ್ ಸೀರೀಸ್ ಶುರುವಾಗಿತ್ತು. ಹ್ಯಾನ್‌ಶಿನ್ ಟೈಗರ್ಸ್ ಮೊದಲ ಪಂದ್ಯ ಗೆದ್ದು, ಆಮೇಲೆ ಸಾಲಾಗಿ ನಾಲ್ಕು ಸೋತಿತು. ಐದನೆಯದು ಮಾಮೂಲಿನ ಒಂಬತ್ತು ದಾಟಿ 11 ಇನ್ನಿಂಗ್ಸ್ ತನಕ ಎಳೆದು, ಅಕ್ಟೋಬರ್ 30ಕ್ಕೆ ಕೋಶಿಯೆನ್ ಮೈದಾನದಲ್ಲಿ ಸಾಫ್ಟ್‌ಬ್ಯಾಂಕ್ ಹಾಕ್ಸ್ ಕಪ್ ಎತ್ತಿತು. ಆ ವಾರ ಇಲ್ಲಿ ಏನು ನಡೆಯುತ್ತಿತ್ತು? ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ಮತ್ತು ಟೊರಾಂಟೋದ ಬ್ಲೂ ಜೇಸ್ ನಡುವಿನ ಮೂರನೇ ಪಂದ್ಯ 18 ಇನ್ನಿಂಗ್ಸ್ ಹಿಡಿಯಿತು. ಏಳನೆಯದು ನವೆಂಬರ್ 1ರಂದು 11 ಇನ್ನಿಂಗ್ಸಿಗೆ ಮುಗಿಯಿತು. ಇದರ ಜೊತೆಗೆ ಟೆಕ್ಸಾಸ್‌ನ ಅಕ್ಟೋಬರ್ ಎಂದರೆ ಶುಕ್ರವಾರ ಹೈಸ್ಕೂಲ್ ಫುಟ್‌ಬಾಲ್, ಶನಿವಾರ ಕಾಲೇಜ್ ಫುಟ್‌ಬಾಲ್, ಭಾನುವಾರ ಮತ್ತು ಸೋಮವಾರ ವೃತ್ತಿಪರರ ಫುಟ್‌ಬಾಲ್. ಫುಟ್‌ಬಾಲ್ ಎಂದರೆ ಇಲ್ಲಿನದು, ಕೈಯಲ್ಲಿ ಹಿಡಿದು ಓಡುವುದು. ತಮ್ಮ ಸ್ವಂತ ಬೇಸ್‌ಬಾಲ್ ಫೈನಲ್ಲಿಗೇ ಅದರ ಮುಂದೆ ಜಾಗ ಹುಡುಕಿಕೊಳ್ಳಬೇಕಾದ ತಿಂಗಳು ಅದು.

ಗಡಿಯಾರದ ಮಾತೂ ಇದೆ. ಅಲ್ಲಿ ಸಂಜೆ ಆರೂವರೆಗೆ ಮೊದಲ ಎಸೆತ ಬಿದ್ದರೆ ನಮ್ಮ ಡಾಲಸ್‌ನಲ್ಲಿ ಅದೇ ದಿನದ ಬೆಳಗಿನ ಜಾವ ನಾಲ್ಕೂವರೆ. ಕ್ಯಾಲಿಫೋರ್ನಿಯಾದಲ್ಲಿ ಎರಡೂವರೆ. ಜಾಹೀರಾತು ಕೊಡುವವನು ಆ ಹೊತ್ತಿಗೆ ದುಡ್ಡು ಬಿಚ್ಚುವುದಿಲ್ಲ. ಆದರೆ ನೀನು ಇದನ್ನೇ ನಿಜವಾದ ಕಾರಣ ಎಂದು ನಂಬಬೇಡ. ಇಂಗ್ಲೆಂಡಿನ ಸಾಕರ್ ಲೀಗು ಪ್ರತಿ ಶನಿವಾರ ಬೆಳಗ್ಗೆ ಇಲ್ಲಿ ಬರುತ್ತದೆ, ಕಾಫಿ ಲೋಟ ಹಿಡಿದು ನೋಡುವವರಿದ್ದಾರೆ. 2025ರ ಮಾರ್ಚ್‌ನಲ್ಲಿ ಡಾಡ್ಜರ್ಸ್ ಮತ್ತು ಕಬ್ಸ್ ತಂಡಗಳು ಟೋಕಿಯೋ ಡೋಮ್‌ನಲ್ಲಿ ಎರಡು ಪಂದ್ಯ ಆಡಿದವಲ್ಲ, ಅವು ನಮ್ಮ ಲೆಕ್ಕದಲ್ಲಿ ಬೆಳಗ್ಗೆ ಐದು ಗಂಟೆ ದಾಟಿದ ಮೇಲೆ ಶುರುವಾದವು. ಫಾಕ್ಸ್ ಟೀವಿಯವರು ಎರಡನ್ನೂ ತೋರಿಸಿದರು. ಅದೇ ಟೋಕಿಯೋ, ಅದೇ ಹೊತ್ತು, ಆಡುವವರು ತಮ್ಮವರಾದರೆ ಆಯಿತು.

ಇನ್ನೊಂದು ಕಾರಣ ಜಪಾನಿನ ಕಡೆಯದು. ಅದನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಅಮೆರಿಕದ ಮೇಲ್ಮಟ್ಟದ ಬೇಸ್‌ಬಾಲ್ ಲೀಗಾದ ಮೇಜರ್ ಲೀಗು ರಾಷ್ಟ್ರಮಟ್ಟದ ಪ್ರಸಾರದ ಹಕ್ಕನ್ನು ಎಲ್ಲ ತಂಡಗಳ ಪರವಾಗಿ ತಾನೇ ಮಾರುತ್ತದೆ. ವರ್ಲ್ಡ್ ಸೀರೀಸ್ 2000ದಿಂದ ಪ್ರತಿ ವರ್ಷವೂ ಫಾಕ್ಸ್‌ನಲ್ಲೇ ಬರುತ್ತಿದೆ, ನೋಡುವವನಿಗೆ ಹುಡುಕುವ ಕೆಲಸವಿಲ್ಲ. ಜಪಾನಿನಲ್ಲಿ ಲೀಗ್ ಪಂದ್ಯಗಳ ಹಕ್ಕು ಆಯಾ ತವರು ತಂಡದ್ದು. ಪೆಸಿಫಿಕ್ ಲೀಗಿನ ಆರು ತಂಡಗಳು 2007ರಲ್ಲಿ ಸೇರಿ ಒಂದು ಕಂಪನಿ ಮಾಡಿಕೊಂಡವು. ನಿನ್ನ ನಗೋಯಾದ ಡ್ರಾಗನ್ಸ್ ಇರುವ ಸೆಂಟ್ರಲ್ ಲೀಗಿನವರು ಇನ್ನೂ ತಮ್ಮ ತಮ್ಮ ದಾರಿಯಲ್ಲೇ ಇದ್ದಾರೆ. ಜಪಾನ್ ಸರಣಿಯಲ್ಲೂ ಇವತ್ತಿನ ಪಂದ್ಯ ಒಂದು ಚಾನೆಲ್‌ನಲ್ಲಾದರೆ ನಾಳೆಯದು ಇನ್ನೊಂದರಲ್ಲಿ. ನಗೋಯಾದಲ್ಲಿ ಕೂತು ರಿಮೋಟ್ ಒತ್ತುವವನಿಗೆ ಅದು ತೊಂದರೆಯಲ್ಲ. ಆದರೆ ಇಲ್ಲಿಂದ ಒಬ್ಬ ಚಾನೆಲ್‌ನವನು ಆಸಕ್ತಿಯಿಂದ ಹೋದನೆಂದೇ ಇಟ್ಟುಕೋ, ಯಾವ ಬಾಗಿಲು ತಟ್ಟಬೇಕೆಂದು ತಿಳಿಯುವುದರೊಳಗೆ ಅವನ ಉತ್ಸಾಹ ಇಳಿದಿರುತ್ತದೆ. ಜಪಾನಿನ ಬೇಸ್‌ಬಾಲ್ ತನ್ನ ಮನೆಯ ಜನರಿಗೆ ಸಾಕಷ್ಟಾಗಿ, ಸಮೃದ್ಧವಾಗಿ ಬೆಳೆದ ಆಟ. ಹೊರಗಿನವರಿಗೆ ಮಾರಬೇಕೆಂಬ ಹಸಿವು ಅದಕ್ಕೆ ಹೆಚ್ಚು ಇದ್ದ ಹಾಗೆ ಕಾಣುವುದಿಲ್ಲ.

ಅಲ್ಲಿಂದ ಇಲ್ಲಿಗೆ ನೋಡುವ ಕಣ್ಣು ಮಾತ್ರ ದೊಡ್ಡದಾಗಿದೆ. 2024ರ ವರ್ಲ್ಡ್ ಸೀರೀಸ್‌ನಲ್ಲಿ ಜಪಾನಿನ ತಾರೆ ಓಟಾನಿಯ ಡಾಡ್ಜರ್ಸ್ ಯಾಂಕೀಸ್ ವಿರುದ್ಧ ಆಡಿದಾಗ ಮೊದಲೆರಡು ಪಂದ್ಯಗಳನ್ನು ಜಪಾನಿನಲ್ಲಿ ಸರಾಸರಿ ಒಂದೂವರೆ ಕೋಟಿ ಜನ ನೋಡಿದರು. ಹನ್ನೆರಡೂವರೆ ಕೋಟಿಯಷ್ಟೂ ಜನಸಂಖ್ಯೆ ಇಲ್ಲದ ದೇಶ, ಅದೂ ಬೆಳಗಿನ ಹೊತ್ತು! ನೀನು ಆಗ ಅಲ್ಲೇ ಇದ್ದೆ, ನಿನಗೆ ನೆನಪಿರಬೇಕು: ಜಪಾನ್ ಸರಣಿ ನಡೆಯುತ್ತಿದ್ದ ಸಂಜೆಯ ಹೊತ್ತಿಗೇ ಫುಜಿ ಟೀವಿ ವರ್ಲ್ಡ್ ಸೀರೀಸ್‌ನ ಮುಖ್ಯ ಭಾಗಗಳನ್ನು ಮತ್ತೆ ತೋರಿಸಿತು. ಸರಣಿ ನಡೆಸುವ ಜಪಾನಿ ಬೇಸ್‌ಬಾಲ್ ಸಂಸ್ಥೆ ಸಿಟ್ಟಾಗಿ ಆ ಚಾನೆಲ್‌ನವರ ಪತ್ರಕರ್ತರ ಪಾಸುಗಳನ್ನೇ ವಾಪಸು ತೆಗೆದುಕೊಂಡಿತು. ತಮ್ಮ ದೇಶದ ಕಿರೀಟದ ಪಂದ್ಯ ತಮ್ಮ ದೇಶದ ಟೀವಿಯಲ್ಲೇ ಅಮೆರಿಕದ ಜೊತೆ ಸೆಣಸಬೇಕಾಗಿ ಬಂತು. ಯೊಕೊಹಾಮಾ ಬೇಸ್ಟಾರ್ಸ್ 26 ವರ್ಷದ ಮೇಲೆ ಗೆದ್ದ ವರ್ಷ ಅದು! ಅಂಥ ಗೆಲುವಿನ ಸುದ್ದಿ ಇಲ್ಲಿ ತಲುಪುವುದಂತೂ ದೂರವೇ ಉಳಿಯಿತು.

ಇದನ್ನು ಅಹಂಕಾರ ಎಂದು ಕರೆಯಬಹುದಾ ಎಂದು ನೀನು ಕೇಳಿದ್ದಕ್ಕೆ ನನ್ನ ಉತ್ತರ: ಸ್ವಲ್ಪ ಹೌದು, ಹೆಚ್ಚಿನ ಪಾಲು ಅಲ್ಲ. ಇಲ್ಲಿನ ಎರಡು ಲೀಗುಗಳ ಚಾಂಪಿಯನ್ನರ ನಡುವಿನ ಸರಣಿಗೆ ವರ್ಲ್ಡ್ ಎಂಬ ಹೆಸರಿದೆ ಅಂತ ಬಹಳ ಜನ ಕೋಪಿಸಿಕೊಳ್ಳುತ್ತಾರೆ. ಆ ಹೆಸರಿನ ಜಗಳಕ್ಕೆ ಇಳಿಯಬೇಡ, ಅದರಿಂದ ಯಾವ ಪಂದ್ಯವೂ ಟೀವಿಗೆ ಬರುವುದಿಲ್ಲ. 2005ರಲ್ಲಿ ಚೀಬಾ ಲೊಟ್ಟೆ ಮರೀನ್ಸ್ ತಂಡ ಹ್ಯಾನ್‌ಶಿನ್ ಅನ್ನು ನಾಲ್ಕಕ್ಕೆ ನಾಲ್ಕೂ ಸೋಲಿಸಿದಾಗ, ಅದರ ಮ್ಯಾನೇಜರ್ ಬಾಬಿ ವ್ಯಾಲೆಂಟೈನ್ ಅಮೆರಿಕದವನೇ. ಟೆಕ್ಸಾಸ್ ರೇಂಜರ್ಸ್ ತಂಡವನ್ನು ಹಿಂದೆ ನಡೆಸಿದವನು. ಆ ವರ್ಷ ಇಲ್ಲಿ ಗೆದ್ದಿದ್ದ ಶಿಕಾಗೋ ವೈಟ್ ಸಾಕ್ಸ್ ಜೊತೆ ನಿಜವಾದ ಪ್ರಪಂಚ ಸರಣಿ ಆಡೋಣ ಎಂದು ಬಹಿರಂಗವಾಗಿಯೇ ಕರೆದ. ಆಡಿಸಲು ಇಲ್ಲಿ ಯಾರೂ ಮುಂದೆ ಬರಲಿಲ್ಲ. ಬೇಡ ಎಂದು ಕೂಗಿದವರೂ ಇರಲಿಲ್ಲ. ಇಲ್ಲಿನ ಉದಾಸೀನ ಹೀಗೇ ಇರುತ್ತದೆ, ಅದರಲ್ಲಿ ದ್ವೇಷವಿಲ್ಲ. ಮೂವತ್ತು ತಂಡ, ತಂಡಕ್ಕೆ 162 ಪಂದ್ಯ, ಆಮೇಲೆ ಒಂದು ತಿಂಗಳ ಪ್ಲೇಆಫ್. ನೋಡುವವನ ಹೊಟ್ಟೆ ಮನೆಯ ಊಟದಲ್ಲೇ ತುಂಬಿರುತ್ತದೆ.

ಆದರೆ ಹೊಟ್ಟೆ ಖಾಲಿಯಾದ ಒಂದು ಸಲ ಏನಾಯಿತು ಗೊತ್ತಾ? 2020ರ ವಸಂತದಲ್ಲಿ ಕೋವಿಡ್‌ನಿಂದ ಇಲ್ಲಿ ಎಲ್ಲ ಆಟವೂ ನಿಂತಿತು. ತೈವಾನ್ ಏಪ್ರಿಲ್‌ನಲ್ಲೇ ಖಾಲಿ ಮೈದಾನದಲ್ಲಿ ಆಟ ಶುರುಮಾಡಿ, ಇಂಗ್ಲಿಷ್ ಕಾಮೆಂಟರಿ ಸೇರಿಸಿ ಟ್ವಿಟ್ಟರ್‌ನಲ್ಲಿ ಬಿಟ್ಟಿತು. ಪ್ರೇಕ್ಷಕರ ಜಾಗದಲ್ಲಿ ಗೊಂಬೆಗಳನ್ನು ಕೂರಿಸಿದ್ದರು. ಮೇ 5ರಂದು ಕೊರಿಯಾದ ಲೀಗು ಶುರುವಾಯಿತು, ಇಎಸ್‌ಪಿಎನ್ ಅದನ್ನು ನೇರ ಪ್ರಸಾರ ಮಾಡಿತು. ಡೇಗು ನಗರದಲ್ಲಿ ಸ್ಯಾಮ್ಸಂಗ್ ಲಯನ್ಸ್ ವಿರುದ್ಧ ಎನ್‌ಸಿ ಡೈನೋಸ್. ನಮಗೆ ಆಗ ನಡುರಾತ್ರಿ. ಕಾಮೆಂಟರಿಯವರು ತಮ್ಮ ತಮ್ಮ ಮನೆಯಲ್ಲೇ ಕೂತು ಮಾತಾಡುತ್ತಿದ್ದರು. ಆಟಗಾರರ ಹೆಸರು, ತಂಡದ ಚರಿತ್ರೆ ಎಲ್ಲವನ್ನೂ ನಮ್ಮ ಜೊತೆಗೇ ಕಲಿಯುತ್ತಿದ್ದರು. ಚೆಂಡನ್ನು ಮೈದಾನದಾಚೆ ಅಟ್ಟಿ ಹೋಮ್ ರನ್ ಹೊಡೆದ ಮೇಲೆ ಬ್ಯಾಟನ್ನು ಗಾಳಿಗೆ ತೂರುವ ಕೊರಿಯಾದ ರೀತಿ ನೋಡಿ ಇಲ್ಲಿನ ಹುಡುಗರು ಮರುಳಾದರು. ಇಲ್ಲಿ ಹಾಗೆ ಮಾಡಿದರೆ ಮುಂದಿನ ಸಲ ಚೆಂಡು ಮೈಗೇ ಬರುವುದುಂಟು.

ಆ ಡೈನೋಸ್ ತಂಡಕ್ಕೆ ಸಿಕ್ಕ ಅಭಿಮಾನಿಗಳ ಕಥೆ ನನಗೆ ಬಹಳ ಇಷ್ಟ. ಎನ್‌ಸಿ ಎಂದರೆ ಅದರ ಒಡೆಯರಾದ ವಿಡಿಯೋ ಗೇಮ್ ಕಂಪನಿಯ ಹೆಸರು. ಆದರೆ ನಾರ್ತ್ ಕ್ಯಾರೊಲಿನಾದ ಜನ ಆ ಎರಡು ಅಕ್ಷರ ನೋಡಿ ಇದು ನಮ್ಮ ತಂಡ ಎಂದುಬಿಟ್ಟರು. ಆ ರಾಜ್ಯಕ್ಕೆ ಮೇಜರ್ ಲೀಗಿನ ಸ್ವಂತ ತಂಡವೇ ಇಲ್ಲ. ಡರ್ಹಮ್ ನಗರದ ಸಣ್ಣ ಲೀಗಿನ ತಂಡದವರೂ ಡೈನೋಸ್‌ಗೆ ಬೆಂಬಲ ಸಾರಿದರು. ಸಾವಿರಾರು ಮೈಲಿ ಆಚೆಯ ಚಾಂಗ್‌ವಾನ್ ಎಂಬ ಊರಿನ ತಂಡಕ್ಕಾಗಿ ಇಲ್ಲಿ ಜನ ಅಲಾರಾಂ ಇಟ್ಟು ಎದ್ದರು. ಆ ವರ್ಷ ನವೆಂಬರ್‌ನಲ್ಲಿ ಡೈನೋಸ್ ದೂಸಾನ್ ಬೇರ್ಸ್ ತಂಡವನ್ನು ಸೋಲಿಸಿ ಕೊರಿಯಾ ಸರಣಿ ಗೆದ್ದಿತು. ಆಟಗಾರರೆಲ್ಲ ಸೇರಿ ವಿಡಿಯೋ ಗೇಮ್‌ನಲ್ಲಿ ಬರುವಂಥ ದೊಡ್ಡ ಕತ್ತಿಯೊಂದನ್ನು ಎತ್ತಿ ಹಿಡಿದರು. ಅಷ್ಟರಲ್ಲಿ ಅಮೆರಿಕದ ಲೀಗು ಜುಲೈನಲ್ಲೇ ಶುರುವಾಗಿ ಜನರ ಗಮನ ಅತ್ತ ಮರಳಿತ್ತು. ಆದರೆ ಒಂದು ಮಾತು ಆ ವರ್ಷ ನನಗೆ ಖಾತ್ರಿಯಾಯಿತು. ತೋರಿಸಿದರೆ ನೋಡುತ್ತಾರೆ. ಹೊರಗಿನ ಬೇಸ್‌ಬಾಲ್ ಅಮೆರಿಕದವರಿಗೆ ರುಚಿಸುವುದಿಲ್ಲ ಎಂಬ ಮಾತು ಸುಳ್ಳು.

ಯಾವಾಗಲೂ ತೋರಿಸುವ ಹೊರಗಿನ ಬೇಸ್‌ಬಾಲ್ ಕೂಡ ಒಂದಿದೆ, ಬಹುಶಃ ನಿನ್ನ ಕಣ್ಣಿಗೆ ಬಿದ್ದಿಲ್ಲ. ಫೆಬ್ರವರಿಯಲ್ಲಿ ಕೆರಿಬಿಯನ್ ಸರಣಿ ನಡೆಯುತ್ತದೆ, 1949ರಿಂದ ಬಂದಿರುವ ಪಂದ್ಯಾವಳಿ. ಡೊಮಿನಿಕನ್ ರಿಪಬ್ಲಿಕ್, ಪೋರ್ಟೊ ರಿಕೊ, ಮೆಕ್ಸಿಕೊ ಮೊದಲಾದ ಕಡೆಯ ಚಾಂಪಿಯನ್ ತಂಡಗಳು ಆಡುತ್ತವೆ. ಇದು ಸ್ಪ್ಯಾನಿಶ್ ಚಾನೆಲ್‌ನಲ್ಲಿ ಬರುತ್ತದೆ, ಯಾಕೆಂದರೆ ಸ್ಪ್ಯಾನಿಶ್ ಮೂಲದವರು ಇಲ್ಲಿ ಆರು ಕೋಟಿಗಿಂತ ಹೆಚ್ಚಿದ್ದಾರೆ. ಜಪಾನಿ ಮೂಲದವರು ಸುಮಾರು 15 ಲಕ್ಷ. ಅವರಲ್ಲಿ ಎಷ್ಟೋ ಮನೆಗಳು ನೂರು ವರ್ಷದ ಹಿಂದೆ ಬಂದವು, ಮೊಮ್ಮಕ್ಕಳು ಡಾಡ್ಜರ್ಸ್ ಅಭಿಮಾನಿಗಳು. ಇಲ್ಲಿನ ಟೀವಿ ಯಾವ ಆಟ ಒಳ್ಳೆಯದು ಎಂದು ನೋಡುವುದಿಲ್ಲ ಸುಹಾಸ, ಯಾರು ಕಾಯುತ್ತಿದ್ದಾರೆ ಎಂದು ತಲೆ ಎಣಿಸುತ್ತದೆ.

ಕ್ರಿಕೆಟ್‌ನ ಕಥೆಯಿಂದ ಇದು ನನಗೆ ತಿಳಿದದ್ದು. 2003ರ ವಿಶ್ವಕಪ್ ದಕ್ಷಿಣ ಆಫ್ರಿಕಾದಲ್ಲಿ ನಡೆದಾಗ ನಮಗೆ ಇಲ್ಲಿ ರಾತ್ರಿ ಎರಡು ಗಂಟೆಗೆ ಆಟ ಶುರು. ಯಾವ ಮಾಮೂಲಿ ಚಾನೆಲ್‌ನಲ್ಲೂ ಇರಲಿಲ್ಲ. ಡಿಶ್ ಇದ್ದವರು ಆ ಪಂದ್ಯಾವಳಿಗೆಂದೇ ಬೇರೆ ದುಡ್ಡು ಕಟ್ಟಬೇಕು. ನಾವು ಅಪಾರ್ಟ್‌ಮೆಂಟಿನವರು ದುಡ್ಡು ಹಾಕಿ, ಒಬ್ಬರ ಮನೆಯಲ್ಲಿ ಸೇರಿ, ಚಿಕ್ಕ ಮಕ್ಕಳನ್ನು ಒಳಗಿನ ಕೋಣೆಯಲ್ಲಿ ಸಾಲಾಗಿ ಮಲಗಿಸಿ ಹೊರಗೆ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ದ್ರಾವಿಡ್ ವಿಕೆಟ್ ಹಿಂದೆ ನಿಂತಿದ್ದ, ಶ್ರೀನಾಥ್ ಬೌಲ್ ಮಾಡುತ್ತಿದ್ದ ಕಾಲ. ಬೆಳಗಾದ ಮೇಲೆ ಅವಲಕ್ಕಿ ತಿಂದು ಹಾಗೇ ಕೆಲಸಕ್ಕೆ ಹೋಗುವುದು. ಅಂಥ ಮನೆಗಳು ಊರೂರಲ್ಲಿ ಇದ್ದವು. ಆ ಮನೆಗಳನ್ನು ಎಣಿಸಿಯೇ ವಿಲೋ ಎಂಬ ಕ್ರಿಕೆಟ್ ಚಾನೆಲ್ ಇಲ್ಲಿ ನೆಲೆಯೂರಿತು. ಭಾರತ ಮೂಲದವರು ಇವತ್ತು ಸುಮಾರು 50 ಲಕ್ಷ ಇದ್ದಾರೆ, ಹಾಗಾಗಿ ಅದು ಬಾಳುತ್ತದೆ.

ನಿನ್ನ ಪ್ಲೇನೋದಿಂದ ಗ್ರ್ಯಾಂಡ್ ಪ್ರೇರಿಗೆ ಒಂದು ದಿನ ಹೋಗಿ ಬಾ. ಅಲ್ಲಿನ ಕ್ರಿಕೆಟ್ ಮೈದಾನ ಮೊದಲು ಬೇಸ್‌ಬಾಲ್ ಮೈದಾನವಾಗಿತ್ತು. ಏರ್‌ಹಾಗ್ಸ್ ಎಂಬ ಸಣ್ಣ ತಂಡ ಆಡುತ್ತಿತ್ತು. ಒಂದೆರಡು ವರ್ಷ ಚೀನಾದ ಆಟಗಾರರೂ ಆ ತಂಡದಲ್ಲಿದ್ದರು. ತಂಡ ಮುಚ್ಚಿಹೋಯಿತು, ಚೆಂಡು ಎಸೆಯುವ ಪಿಚರ್ ನಿಲ್ಲುವ ದಿಬ್ಬ ಸಮವಾಯಿತು, ಮಧ್ಯದಲ್ಲಿ 22 ಗಜದ ಪಿಚ್ ಬಂತು. 2023ರ ಜುಲೈನಲ್ಲಿ ಅಲ್ಲಿ ಮೇಜರ್ ಲೀಗ್ ಕ್ರಿಕೆಟ್ ಶುರುವಾಯಿತು. 2024ರ ಜೂನ್ 6ರಂದು ಅದೇ ನೆಲದಲ್ಲಿ ಅಮೆರಿಕ ತಂಡ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಸೋಲಿಸಿತು. ಅವತ್ತು 30 ರನ್‌ಗೆ ಮೂರು ವಿಕೆಟ್ ಕಿತ್ತವನು ನೊಸ್ತುಷ್ ಕೆಂಜಿಗೆ, ಅಲಬಾಮಾದಲ್ಲಿ ಹುಟ್ಟಿ ಕರ್ನಾಟಕದಲ್ಲಿ ಬೆಳೆದ ನಮ್ಮ ಹುಡುಗ. ಮರುದಿನ ಕೆಲಸದ ಕಡೆ, ಕ್ರಿಕೆಟ್ ಎಂದರೇನು ಎಂದು ಗೊತ್ತಿಲ್ಲದವರೂ ನನ್ನನ್ನು ನಿಲ್ಲಿಸಿ ಕೇಳಿದರು. ಇಲ್ಲಿನ ಜನರ ಮನಸ್ಸು ಮುಚ್ಚಿದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪದಿರುವುದು ಇದಕ್ಕೇ.

ಇಷ್ಟು ಹೇಳಿದ ಮೇಲೂ ನನಗೆ ನಿಜವಾಗಿ ನೋವಾಗುವ ವಿಷಯ ಒಂದಿದೆ. ಆಟಗಾರರನ್ನು ತರಿಸಿಕೊಳ್ಳುತ್ತಾರೆ, ಅವರು ಆಡಿ ಬಂದ ಪಂದ್ಯಗಳನ್ನು ಮಾತ್ರ ನೋಡುವುದಿಲ್ಲ.

ಡಾಡ್ಜರ್ಸ್ ಪಿಚರ್ ಯೊಶಿನೊಬು ಯಮಾಮೊಟೊನನ್ನೇ ತೆಗೆದುಕೋ. 2025ರ ವರ್ಲ್ಡ್ ಸೀರೀಸ್‌ನಲ್ಲಿ ಅವನು ಮೂರು ಪಂದ್ಯ ಗೆದ್ದುಕೊಟ್ಟ. ಎರಡನೆಯದನ್ನು ಕೊನೆಯ ತನಕ ತಾನೇ ಎಸೆದ. ಆರನೆಯದರಲ್ಲಿ 96 ಎಸೆತ ಹಾಕಿ, ಮರುರಾತ್ರಿ ಏಳನೆಯದರಲ್ಲಿ ಮತ್ತೆ ಬಂದು 34 ಎಸೆತ ಹಾಕಿ ಮುಗಿಸಿದ. ಒಬ್ಬ ಮನುಷ್ಯನಿಗೆ ಇದು ಹೇಗೆ ಸಾಧ್ಯ ಎಂದು ಇಲ್ಲಿನ ಕಾಮೆಂಟರಿಯವರು ಬೆರಗಾದರು. ನೀನು ಬೆರಗಾಗಿರಲಾರೆ. 2023ರ ನವೆಂಬರ್ 4ರಂದು ಒಸಾಕದಲ್ಲಿ ಜಪಾನ್ ಸರಣಿಯ ಆರನೇ ಪಂದ್ಯ. ಇನ್ನೊಂದು ಸೋತರೆ ಅವನ ಓರಿಕ್ಸ್ ತಂಡದ ಕಥೆ ಮುಗಿಯುತ್ತಿತ್ತು. ಅದೇ ಸರಣಿಯ ಮೊದಲ ಪಂದ್ಯದಲ್ಲಿ ಅವನು ಚೆನ್ನಾಗಿ ಹೊಡೆಸಿಕೊಂಡಿದ್ದ. ಆ ರಾತ್ರಿ ಒಂಬತ್ತೂ ಇನ್ನಿಂಗ್ಸ್ ತಾನೇ ನಿಂತು 138 ಎಸೆತ ಹಾಕಿ ಹ್ಯಾನ್‌ಶಿನ್‌ನ 14 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಎಂದರೆ ಚೆಂಡು ಹೊಡೆಯಲು ಬಿಡದೆ ತಾನೇ ಔಟ್ ಮಾಡಿದ. ಜಪಾನ್ ಸರಣಿಯ ಒಂದು ಪಂದ್ಯದಲ್ಲಿ ಅದುವರೆಗೆ ಯಾರೂ ಅಷ್ಟು ಮಾಡಿರಲಿಲ್ಲ. ಮುಂದಿನ ತಿಂಗಳು ಡಾಡ್ಜರ್ಸ್ ಅವನಿಗೆ 12 ವರ್ಷಕ್ಕೆ 32.5 ಕೋಟಿ ಡಾಲರ್ ಕೊಟ್ಟು ಕರೆಸಿಕೊಂಡರು. 32.5 ಕೋಟಿ ಡಾಲರ್ ಬೆಲೆ ಕಟ್ಟಿದ ಕೈ ಎಸೆದ ಆ 138 ಎಸೆತಗಳನ್ನು ಇಲ್ಲಿನ ಸಾಮಾನ್ಯ ಅಭಿಮಾನಿಗೆ ತೋರಿಸಲು ಒಂದು ಚಾನೆಲ್ ಇರಲಿಲ್ಲ. ಆಟಗಾರರನ್ನು ಪರೀಕ್ಷಿಸಲು ತಂಡಗಳವರು ಕಳಿಸಿದ ಸ್ಕೌಟುಗಳು ಮಾತ್ರ ನೋಡಿದರು.

ನಿನ್ನ ನಗೋಯಾದ್ದೇ ಇನ್ನೊಂದು. 2007ರ ನವೆಂಬರ್ 1. ನೀನು ಹೋಗುವ ಬಹಳ ಮೊದಲಿನದು, ಆದರೆ ಅಲ್ಲಿನ ಜನ ಇವತ್ತಿಗೂ ಅದನ್ನು ಹೇಳದೆ ಬಿಡುವುದಿಲ್ಲ ಎಂದು ನೀನೇ ಬರೆದಿದ್ದೀಯ. ಡ್ರಾಗನ್ಸ್ 53 ವರ್ಷದಿಂದ ಗೆದ್ದಿರಲಿಲ್ಲ. ಐದನೇ ಪಂದ್ಯ, ಒಂದು ಗೆಲುವು ಸಾಕು. ದೈಸುಕೆ ಯಮಾಯಿ ಎಂಟು ಇನ್ನಿಂಗ್ಸ್‌ನಲ್ಲಿ 24 ಜನರನ್ನೂ ಔಟ್ ಮಾಡಿದ್ದಾನೆ, ಒಬ್ಬನೂ ಬೇಸ್ ತಲುಪಿಲ್ಲ. ಸ್ಕೋರು 1-0. ಇನ್ನು ಮೂರು ಜನ ಔಟಾದರೆ ಪರ್ಫೆಕ್ಟ್ ಗೇಮ್. ಬೆರಳಿನಲ್ಲಿ ಬೊಕ್ಕೆ ಒಡೆದಿದೆ. ಮ್ಯಾನೇಜರ್ ಓಚಿಯಾಯಿ ಅವನನ್ನು ಕೂರಿಸಿ ಇವಾಸೆಯನ್ನು ಕಳಿಸುತ್ತಾನೆ. ಇವಾಸೆ ಬಂದು ಮೂರಕ್ಕೆ ಮೂರೂ ತೆಗೆಯುತ್ತಾನೆ. ಒಬ್ಬ ಆಟಗಾರನ ಹೆಸರು ಚರಿತ್ರೆಯಲ್ಲಿ ಒಂಟಿಯಾಗಿ ನಿಲ್ಲುವುದು ಮುಖ್ಯವೋ, ಊರು ಕಾದ ಗೆಲುವು ಮುಖ್ಯವೋ ಎಂದು ಜಪಾನ್ ದೇಶವೇ ಎರಡಾಗಿ ವಾದಿಸಿತು. ನನ್ನನ್ನು ಕೇಳಿದರೆ ಓಚಿಯಾಯಿ ಮಾಡಿದ್ದು ಸರಿ. ಇಲ್ಲಿ 1956ರಲ್ಲಿ ಡಾನ್ ಲಾರ್ಸೆನ್ ವರ್ಲ್ಡ್ ಸೀರೀಸ್‌ನಲ್ಲಿ ಹಾಕಿದ ಪರ್ಫೆಕ್ಟ್ ಗೇಮ್ ಶಾಲೆಯ ಮಕ್ಕಳಿಗೂ ಗೊತ್ತು. ಯಮಾಯಿಯ ಹೆಸರು ಗೊತ್ತಿರುವವರನ್ನು ಹುಡುಕಬೇಕು.

ಆ ರಾತ್ರಿ 1-0 ಅಂತರದಲ್ಲಿ ಸೋತ ಎದುರಾಳಿ ಪಿಚರ್ ಯಾರು ಹೇಳು? 21 ವರ್ಷದ ಯು ದರ್ವೀಶ್. 2012ರಲ್ಲಿ ಅವನು ನಮ್ಮ ಆರ್ಲಿಂಗ್ಟನ್‌ಗೇ, ರೇಂಜರ್ಸ್ ತಂಡಕ್ಕೇ ಬಂದ. ಅವನ ಮೊದಲ ಸೀಸನ್‌ನಲ್ಲಿ ಮೈದಾನದ ತುಂಬ ಅವನ ಅಂಗಿ ತೊಟ್ಟ ಮಕ್ಕಳು. ಹತ್ತಿರ ಕೂತವರಿಗೆ 2007ರ ಆ ಪಂದ್ಯದ ಕಥೆ ಹೇಳಿದರೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು, ಇದನ್ನು ಯಾಕೆ ನಮಗೆ ಯಾರೂ ಹೇಳಲಿಲ್ಲ ಎನ್ನುತ್ತಿದ್ದರು. ಕೇಳುವ ಮನಸ್ಸು ಇತ್ತು, ಹೇಳುವವರು ಇರಲಿಲ್ಲ.

ತಮ್ಮ ಸ್ವಂತ ಮನುಷ್ಯನೂ ಹೀಗೇ ಕಳೆದುಹೋಗುತ್ತಾನೆ. ನಮ್ಮಿಂದ ಉತ್ತರಕ್ಕೆ ಗಡಿ ದಾಟಿದರೆ ಒಕ್ಲಹೋಮಾದ ಲಾಟನ್ ಎಂಬ ಊರು. ಅಲ್ಲಿಯ ರ‍್ಯಾಂಡಿ ಬಾಸ್ ಮೇಜರ್ ಲೀಗಿನಲ್ಲಿ ನೆಲೆ ಸಿಗದೆ ಹ್ಯಾನ್‌ಶಿನ್‌ಗೆ ಹೋದ. 1985ರಲ್ಲಿ 54 ಹೋಮ್ ರನ್ ಹೊಡೆದು ಟೈಗರ್ಸ್‌ಗೆ ಮೊದಲ ಜಪಾನ್ ಸರಣಿ ಗೆಲ್ಲಿಸಿಕೊಟ್ಟ. ಮರುವರ್ಷ .389 ಬ್ಯಾಟಿಂಗ್ ಸರಾಸರಿ, ಅದು ಇಂದಿಗೂ ಅಲ್ಲಿನ ದಾಖಲೆ. ಅವನನ್ನು ಹೋಲುವ ಮನುಷ್ಯ ಸಿಗದೆ ಅಭಿಮಾನಿಗಳು ಕೆಎಫ್‌ಸಿ ಕೋಳಿ ಅಂಗಡಿಯ ಕರ್ನಲ್ ಸ್ಯಾಂಡರ್ಸ್ ಗೊಂಬೆಯನ್ನೇ ಎತ್ತಿ ಒಸಾಕದ ಹೊಳೆಗೆ ಎಸೆದದ್ದು, ಅದರಿಂದ ತಂಡಕ್ಕೆ ತಗುಲಿತೆಂಬ ಶಾಪದ ಮಾತು 2023ರ ಗೆಲುವಿನ ತನಕ ಎಳೆದದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. 2023ರಲ್ಲೇ ಜಪಾನಿನ ಹಾಲ್ ಆಫ್ ಫೇಮ್‌ಗೆ ಅವನನ್ನು ಸೇರಿಸಿದರು. ಇಲ್ಲಿ ಅವನು ಒಕ್ಲಹೋಮಾ ರಾಜ್ಯದ ಸೆನೆಟರ್ ಆಗಿದ್ದ, ಲಾಟನ್‌ನವರು ಅವನನ್ನು ಹಾಗೆ ಬಲ್ಲರು. ಆ ಪಂದ್ಯಗಳು ಒಮ್ಮೆಯಾದರೂ ಇಲ್ಲಿನ ಟೀವಿಯಲ್ಲಿ ಬಂದಿದ್ದರೆ ಟೆಕ್ಸಾಸ್, ಒಕ್ಲಹೋಮಾದ ಹುಡುಗರು ಅವನ ಹಾಗೆ ಬ್ಯಾಟ್ ಹಿಡಿಯಲು ಕಲಿಯುತ್ತಿದ್ದರು.

ದೇಶದೇಶದ ತಂಡಗಳ ವಿಶ್ವ ಬೇಸ್‌ಬಾಲ್ ಪಂದ್ಯಾವಳಿ ಬಂದ ಮೇಲೆ ಸ್ವಲ್ಪ ಬದಲಾಗಿದೆ. 2023ರ ಫೈನಲ್‌ನಲ್ಲಿ ಓಟಾನಿ ತನ್ನ ಅಂದಿನ ತಂಡದ ಜೊತೆಗಾರ ಟ್ರೌಟ್‌ನನ್ನೇ ಔಟ್ ಮಾಡಿ ಜಪಾನಿಗೆ 3-2ರ ಗೆಲುವು ತಂದದ್ದನ್ನು ಇಲ್ಲಿ ಲಕ್ಷಾಂತರ ಜನ ನೋಡಿದರು. ಆದರೆ ಅದರಲ್ಲೂ ಒಂದು ಕಡೆ ಅಮೆರಿಕ ಇತ್ತಲ್ಲ. ಇನ್ನೊಂದು ಸುದ್ದಿ ನಿನಗೆ ಗೊತ್ತೇ ಇದೆ: 2026ರ ಆ ಪಂದ್ಯಾವಳಿಯ ಜಪಾನಿನ ಹಕ್ಕನ್ನು ಪೂರ್ತಿಯಾಗಿ ನೆಟ್‌ಫ್ಲಿಕ್ಸ್ ಕೊಂಡುಕೊಂಡಿತು. ದುಡ್ಡು ಕಟ್ಟದೆ ಟೀವಿ ಹಚ್ಚಿ ಎಲ್ಲರೂ ಒಟ್ಟಿಗೆ ನೋಡುವ ಕಾಲ ಅಲ್ಲೂ ಸರಿಯುತ್ತಿದೆ. ನನಗೆ ಇದು ಒಳ್ಳೆಯದೆಂದು ಅನ್ನಿಸುವುದಿಲ್ಲ. ಪೈಸೆ ಕೊಡದ ಅಜ್ಜ ಅಜ್ಜಿಯರು, ಶಾಲೆಯ ಮಕ್ಕಳು ನೋಡಿದ್ದರಿಂದಲೇ ಆ ಆಟ ಅಲ್ಲಿ ಅಷ್ಟು ಆಳಕ್ಕೆ ಇಳಿದದ್ದು.

ಇನ್ನು ನೀನು ಏನು ಮಾಡಬೇಕು ಎಂಬ ಮಾತು. ಮೊದಲನೆಯದಾಗಿ, ಡ್ರಾಗನ್ಸ್ ಬಿಡಬೇಡ. ಹೊಸ ದೇಶಕ್ಕೆ ಬಂದೆ, ಇನ್ನು ರೇಂಜರ್ಸ್ ಮಾತ್ರ ಎಂದು ಯಾರೂ ನಿನ್ನನ್ನು ಕೇಳುತ್ತಿಲ್ಲ. 2022ರಿಂದ ಮೂರು ವರ್ಷ ಸಾಲಾಗಿ ಕೊನೆಯ ಸ್ಥಾನದಲ್ಲಿದ್ದಾಗಲೂ ಬಿಡದವನು ಈಗ ಬಿಡುತ್ತೀಯಾ? ಜಪಾನಿ ಲೀಗಿನ ಇಂಗ್ಲಿಷ್ ಜಾಲತಾಣದಲ್ಲಿ ದಿನದಿನದ ಸ್ಕೋರು ಸಿಗುತ್ತದೆ. ಜಪಾನಿ ಕಾರ್ಯಕ್ರಮಗಳಿಗೆಂದೇ ಇದ್ದ ಟೀವಿ ಜಪಾನ್ ಎಂಬ ಚಾನೆಲ್ 2024ರ ಮಾರ್ಚ್‌ಗೆ ನಿಂತುಹೋಯಿತು. ಅದರ ಬದಲು ಜೇಮಿ ಎಂಬ ಸ್ಟ್ರೀಮಿಂಗ್ ಬಂದಿದೆ. ದುಡ್ಡು ಕಟ್ಟುವ ಮೊದಲು ಆ ತಿಂಗಳ ಪಟ್ಟಿಯಲ್ಲಿ ಬೇಸ್‌ಬಾಲ್ ಇದೆಯೇ ನೋಡಿಕೋ. ಪ್ಲೇನೋದಲ್ಲಿ ಮಿತ್ಸುವಾ ಎಂಬ ದೊಡ್ಡ ಜಪಾನಿ ಅಂಗಡಿ ಇದೆ. ನಿನ್ನ ಆಫೀಸಿನ ಜಪಾನಿಗಳಲ್ಲಿ ಅರ್ಧ ಜನ ಭಾನುವಾರ ಅಲ್ಲೇ ಸಿಗುತ್ತಾರೆ. ಅವರಲ್ಲಿ ಇನ್ನೊಬ್ಬ ಡ್ರಾಗನ್ಸ್ ಅಭಿಮಾನಿ ಇದ್ದೇ ಇರುತ್ತಾನೆ, ಹುಡುಕು. 2003ರಲ್ಲಿ ನಾವು ಮಾಡಿದ್ದೂ ಅಷ್ಟೇ, ಒಬ್ಬರನ್ನೊಬ್ಬರು ಹುಡುಕಿಕೊಂಡೆವು.

ಎರಡನೆಯದು, ಏಪ್ರಿಲ್ ಆದ ಮೇಲೆ ಪುಟ್ಟಿಯನ್ನೂ ಸ್ವಾತಿಯನ್ನೂ ಕರೆದುಕೊಂಡು ಫ್ರಿಸ್ಕೊಗೆ ಬಾ. ರಫ್‌ರೈಡರ್ಸ್ ಎಂದು ರೇಂಜರ್ಸ್‌ನ ಕೆಳಗಿನ ತಂಡ ಅಲ್ಲಿ ಆಡುತ್ತದೆ. ಟಿಕೆಟ್ ದುಬಾರಿಯಲ್ಲ, ಆಟಗಾರರು ಕೈಗೆಟಕುವಷ್ಟು ಹತ್ತಿರ, ಔಟ್‌ಫೀಲ್ಡ್ ಆಚೆ ಮಕ್ಕಳು ಟ್ಯೂಬಿನಲ್ಲಿ ಕೂತು ತೇಲುವ ನೀರಿನ ಕಾಲುವೆ ಕೂಡ ಇದೆ. ಮೊದಲ ದಿನ ನಿನಗೆ ಬಣಗುಟ್ಟಿದ ಹಾಗೆ ಅನ್ನಿಸುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ. ಕಹಳೆ ಇಲ್ಲ, ಡೋಲು ಇಲ್ಲ, ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಹಾಡು ಇಲ್ಲ. ಇಲ್ಲಿ ಜನ ಆಟದ ನಡುವೆ ಮಾತಾಡುತ್ತಾರೆ, ಪಕ್ಕದ ಸೀಟಿನವನು ಏನೂ ಪರಿಚಯವಿಲ್ಲದೆ ನಿನ್ನ ಕಥೆ ಕೇಳುತ್ತಾನೆ. ಕೇಳಿದಾಗ ಯಮಾಯಿಯ ಕಥೆ ಹೇಳು. ನೀನು ಡ್ರಾಗನ್ಸ್‌ನ ನೀಲಿ ಟೋಪಿ ಹಾಕಿಕೊಂಡೇ ಬಾ, ಅದರ ಮೇಲಿನ ಅಕ್ಷರ ನೋಡಿ ಯಾರಾದರೂ ಕೇಳಿಯೇ ಕೇಳುತ್ತಾರೆ.

ಕೊನೆಗೆ ದುಡ್ಡಿನ ವಿಷಯ. ಮೇಜರ್ ಲೀಗಿನ ಎಂಎಲ್‌ಬಿ ಟೀವಿ ಪ್ಯಾಕೇಜ್ ತೆಗೆದುಕೊಳ್ಳಲಾ ಎಂದು ಕೇಳಿದ್ದೀಯ. ಅದರಲ್ಲಿ ಬೇರೆ ತಂಡಗಳ ಹೆಚ್ಚಿನ ಪಂದ್ಯಗಳು ಬರುತ್ತವೆ, ಆದರೆ ನೀನಿರುವ ಊರಿನ ತಂಡದ ನೇರ ಪ್ರಸಾರವನ್ನು ತಡೆಹಿಡಿಯುತ್ತಾರೆ. ಊರಿನ ಪ್ರಸಾರದ ಹಕ್ಕು ಬೇರೆ ಕಡೆ ಇರುವುದರಿಂದ ಹಾಗೆ. ಡಾಲಸ್‌ನಲ್ಲಿ ಕೂತು ಅದರಲ್ಲಿ ರೇಂಜರ್ಸ್ ನೋಡುವ ಆಸೆ ಇಟ್ಟುಕೊಳ್ಳಬೇಡ. ಓಟಾನಿಯನ್ನು, ಯಮಾಮೊಟೊನನ್ನು ನೋಡಬೇಕು ಎನ್ನುವುದಾದರೆ ತೆಗೆದುಕೋ, ಆ ಲೆಕ್ಕಕ್ಕೆ ಅದು ಸರಿ. ರೇಂಜರ್ಸ್ ಆಟವನ್ನು ಆಫೀಸಿನಿಂದ ಬರುವಾಗ ಕಾರಿನ ರೇಡಿಯೋದಲ್ಲಿ ಕೇಳು, ಖರ್ಚಿಲ್ಲ. ಕೇಬಲ್ ಕಂಪನಿಯವನು ಎರಡು ವರ್ಷದ ಕರಾರಿಗೆ ಸಹಿ ಹಾಕು ಅಂದರೆ ಹಾಕಬೇಡ, ಮೊದಲು ನಿನ್ನ ಭಾವನಿಗೆ ತೋರಿಸು.

ಅಕ್ಕ